ಎಡಗೈಯಲ್ಲಿದ್ದ ಬಾಬಿನ್

"ಎಡಗೈ ಬಿಚ್ಚಯ್ಯ," ಎಂದ ಭಾನುಪ್ರಕಾಶ್.

ಜಾದೂಗಾರ ಪರಮಾನಂದ ಪೆಚ್ಚಾದ. ಬಲಗೈಯಿಂದ ಮಾಯವಾದ ದಾರದ ಬಾಬಿನ್ ಎಡಗೈಯೊಳಗೆ ಬೆಚ್ಚಗೆ ಕುಳಿತಿತ್ತು. ಹೊಲಿಗೆಯ ಹೆಂಗಸರು ಗೊಳ್ಳೆಂದರು, ತುಸು ಜಾಸ್ತಿಯೇ ಜೋರಾಗಿ.

ಪೀಣ್ಯದ ಆ ಗಾರ್ಮೆಂಟ್ಸಿನಲ್ಲಿ ಅಂದು ಆಯುಧಪೂಜೆ. ಮಷಿನ್‌ಗಳಿಗೆ ಕುಂಕುಮ, ಕೈಗೆ ಕಡ್ಲೆಪುರಿ. ಜೊತೆಗೆ ಹೆಂಗಸರೇ ಹಟ ಹಿಡಿದು ಕರೆಸಿದ ಈ ದರಿದ್ರ ಜಾದೂ. ಎಚ್‌ಆರ್ ಭಾನುಪ್ರಕಾಶನಿಗೆ ಇವರ ಅಭಿರುಚಿಯೇ ಅಸಹ್ಯ. ಅವನು ಬಂದು ನಿಂತದ್ದು ಹನುಮವ್ವನನ್ನು ಕಾಯಲು. ಶೌಚಾಲಯಕ್ಕೆ ಬೀಗ ಹಾಕುತ್ತಾರೆಂದು ಲೇಬರ್ ಆಫೀಸಿಗೆ ದೂರು ಕೊಡಲು ಅವಳು ಹೆಸರು ಕೂಡಿಸುತ್ತಿದ್ದಳು. ಎರಡು ಸಲ ಗೇಟಿನಲ್ಲಿ ಅವಳ ಊಟದ ಡಬ್ಬಿಯಿಂದ ಆ ಹೆಸರಿನ ಹಾಳೆ ತೆಗೆದು ಹರಿದಿದ್ದ.

"ಮೂರನೇದು ಗೇಟ್ ದಾಟಿದ್ರೆ ನೀನೂ ದಾಟ್ತೀಯ," ಎಂದಿದ್ದರು ಮಾಲೀಕರು ಅವನಿಗೆ.

ಹನುಮವ್ವ ಮೂಲೆಯಲ್ಲಿ ನಿಂತು ಮತ್ತೆ ಮತ್ತೆ ಸೊಂಟ ಮುಟ್ಟಿಕೊಳ್ಳುತ್ತಿದ್ದಳು. ಅವನ ಕಣ್ಣು ಅಲ್ಲೇ ನೆಟ್ಟಿತು.

"ಇರ್ಲಿ ಬಿಡ್ರೀ ಸಾಹೇಬ್ರ, ಎಲಿ ಆಟ ತೋರಿಸ್ತೀನಿ." ಪರಮಾನಂದ ಇಸ್ಪೀಟು ಹಂಚಿದ. "ಒಬ್ಬೊಬ್ಬರು ಒಂದೊಂದು ತಗೊಂಡು ಹೆಸರು ಬರೀರಿ. ಯಾರ ಎಲಿ ಯಾವುದಂತ ನಾ ಹುಡುಕ್ತೀನಿ."

ಹೆಂಗಸರು ಸಾಲುಗಟ್ಟಿ ಬರೆದರು. ಶೇಖವ್ವ ಟೋಕನ್ ನಂಬರನ್ನೂ ಸೇರಿಸಿದಳು.

"ಅದಕ್ಯಾಕಮ್ಮ ನಂಬರು? ಹಾಜರಿ ಪುಸ್ತಕನಾ ಇದು?" ಎಂದ ಭಾನುಪ್ರಕಾಶ್.

"ರೂಢಿ ಸಾರ್."

ದಡ್ಡ ಮುಂಡೇವು, ಅಂದುಕೊಂಡ.

"ನೀವೂ ಒಂದು ತಗೋರಿ ಸಾಹೇಬ್ರ."

ಭಾನುಪ್ರಕಾಶ್ ಹನುಮವ್ವನ ಮೇಲಿನ ಕಣ್ಣು ಕೀಳದೆ ಬಿಂಕದಿಂದ ಸಹಿಯನ್ನೇ ಎಳೆದ.

ಪರಮಾನಂದ ಎಲೆಗಳನ್ನೆಲ್ಲ ವಾಪಸು ಕೂಡಿಸಿಕೊಂಡು ಮೂರು ಸಲ ಹುಡುಕಿ ಮೂರು ಸಲವೂ ತಪ್ಪಿದ.

"ಸಾಕು, ನಿನ್ನ ಕಸ ಎತ್ಕೊಂಡು ಹೊರಡು," ಎಂದು ಭಾನುಪ್ರಕಾಶ್ ತಾನೇ ಅವನ ತೋಳು ಹಿಡಿದು ಗೇಟಿನಾಚೆ ದಬ್ಬಿ ಬಂದ.

ಸಂಜೆ ಕಾವಲಿನ ಚನ್ನಕ್ಕ ಹನುಮವ್ವನನ್ನು ಎರಡೆರಡು ಸಲ ತಡಕಿದಳು. ಸೊಂಟದಲ್ಲಿ ಸಿಕ್ಕಿದ್ದು ಅಡಿಕೆ ಸಂಚಿ.

"ಅಷ್ಟೆಲ್ಲ ತಲೆ ಎಲ್ಲಿದೆ ಸಾರ್ ಇವಕ್ಕೆ?" ಎಂದು ಭಾನುಪ್ರಕಾಶ್ ಮಾಲೀಕರಿಗೆ ಫೋನಿನಲ್ಲಿ ಹೇಳಿ ನಕ್ಕ.

ಹಬ್ಬ ಕಳೆದ ಸೋಮವಾರ ಲೇಬರ್ ಆಫೀಸರು ಅವನ ಮೇಜಿನ ಮೇಲೆ ದೂರನ್ನು ಬಿಚ್ಚಿದರು: ಕೆಳಗೆ ಸಾಲಾಗಿ ಅಂಟಿಸಿದ ಇಸ್ಪೀಟು ಎಲೆಗಳು, ಪ್ರತಿಯೊಂದರ ಮೇಲೂ ಒಬ್ಬೊಬ್ಬಳ ಹೆಸರು, ಕಟ್ಟಕಡೆಗೆ ಜೋಕರ್, ಅದರ ಮೇಲೆ ಅವನದೇ ಸಹಿ.