ಎರಡು ನಿಮಿಷದ ಮೌನದಲ್ಲಿ ಕೂಗಿದ ಅಜ್ಜ

ಕಾರ್ಗಿಲ್ ವಿಜಯ ದಿವಸ... ಬೆಳಗಾವಿ ಕಡೆಯ ಒಂದು ವೃದ್ಧಾಶ್ರಮದ ಹಾಲ್‌ನಲ್ಲಿ ಹುತಾತ್ಮ ಯೋಧರ ಫೋಟೋಗಳಿಗೆ ಹಾರ ಹಾಕಿ ದೀಪ ಹಚ್ಚಿದ್ದರು.

ವಾರ್ಡನ್ ಇಂದುಮತಿಗೆ ಮಾತ್ರ ಬೇರೆಯದೇ ಚಿಂತೆ...

ಕಾರಣ, ಭರಮಪ್ಪಜ್ಜ.

ಯುದ್ಧದಲ್ಲಿ ವೈರ್‌ಲೆಸ್ ಸೆಟ್ ಮುಂದೆ ಕೂತಿದ್ದ ಹವಾಲ್ದಾರ್. ಈಗ ವೀಲ್‌ಚೇರ್, ನೆನಪೂ ಹೋಗಿದೆ. ಆದರೆ ಸುತ್ತ ನಿಶ್ಶಬ್ದವಾದರೆ ಸಾಕು, ಬೆಟ್ಟದ ಮೇಲಿನ ಸೇನಾ ಠಾಣೆಯನ್ನು ವೈರ್‌ಲೆಸ್‌ನಲ್ಲಿ ಕರೆದು ಉತ್ತರ ಕೇಳುವವರಂತೆ ಒಮ್ಮೆಲೇ ಕೂಗಲು ಶುರು ಮಾಡುತ್ತಾರೆ.

"ಶೇರ್ ಚೌಕಿ... ಶೇರ್ ಚೌಕಿ... ಜವಾಬ್ ದೋ... ಓವರ್!"

ಹೋದ ವರ್ಷದ ಮೌನಾಚರಣೆಯನ್ನೂ ಹೀಗೇ ಕೆಡಿಸಿದ್ದರು. ಅದಕ್ಕೇ ಆಶ್ರಮದ ಅಧ್ಯಕ್ಷರು ಬೆಳಿಗ್ಗೆಯೇ ಖಡಕ್ಕಾಗಿ ಹೇಳಿದ್ದರು.

"ಇವತ್ತ ಹುತಾತ್ಮ ಯೋಧರ ಹೆಂಡತಿ ಸಾವಂತ್ರವ್ವನವರು ಬರಾಕತ್ತಾರ. ಅವರ ಮುಂದ ಅಜ್ಜ ಚೀರಿದ್ರ, ನಾಳೆನ ಬ್ಯಾರೆ ಕಡೆ ಕಳಸೂದು. ಕೋಣ್ಯಾಗ ಕೂಡಿಸಿ ಚಿಲಕಾ ಹಾಕ್ರಿ."

ಅಲ್ಲ, ನೀವೇ ಹೇಳಿ... ಯೋಧರನ್ನು ನೆನೆಯುವ ದಿನ ಒಬ್ಬ ಯೋಧನನ್ನೇ ಕೂಡಿ ಹಾಕುವುದಾ?!

ಇಂದುಮತಿಗೆ ಮನಸ್ಸು ಬರಲಿಲ್ಲ. ಅಜ್ಜನನ್ನು ಕೊನೆಯ ಸಾಲಿಗೆ ತಂದು, ಕೈ ಹಿಡಿದು ಪಕ್ಕದಲ್ಲೇ ನಿಂತಳು. ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಈ ಜಾಗವೂ ತಪ್ಪಿದರೆ ಎಲ್ಲಿಗೆ ಹೋಗಬೇಕು?

"ಅಜ್ಜಾರ, ನಿಮ್ಮ ಕಾಲ ಬೀಳ್ತೀನಿ... ಎರಡ ನಿಮಿಷ ಸುಮ್ನಿರ್ರಿ."

ಎಲ್ಲರೂ ಎದ್ದು ನಿಂತರು. ಮೌನ ಶುರುವಾಯಿತು...

ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಅಜ್ಜ ಕೈ ಬಿಡಿಸಿಕೊಂಡು ಮುಂದಕ್ಕೆ ಬಾಗಿದರು. ಕುತ್ತಿಗೆಯ ನರ ಉಬ್ಬಿತು. ದೇವರೇ, ಇವತ್ತೊಂದು ದಿನ ಕಾಪಾಡಪ್ಪಾ...

"ಶೇರ್ ಚೌಕಿ!... ಜವಾಬ್ ದೋ... ಓವರ್!"

ಮುಗಿಯಿತು ಕಥೆ!

ಅಧ್ಯಕ್ಷರು ಕೆಂಗಣ್ಣು ಬಿಟ್ಟರು. "ಮೊದಲ ಹೊರಗ ಒಯ್ರಿ ಅವರನ್ನ! ನಾಳೆನ ಬ್ಯಾರೆ ಕಡೆ ಕಳಸ್ರಿ!"

ಇಂದುಮತಿ ಅಳುತ್ತಲೇ ವೀಲ್‌ಚೇರ್ ತಿರುಗಿಸಲು ಹೋದಳು. ಆಗ ಎದುರಿನಿಂದ ಒಂದು ದನಿ...

"ಓ... ಕೇಳಸಾಕತ್ತೈತಿ. ಹೇಳ್ರಿ."

ಸಾವಂತ್ರವ್ವ! ಮುಂದಿನ ಸಾಲಿನಿಂದ ಎದ್ದು ಬಂದು ಅಜ್ಜನ ಮುಂದೆ ಕೂತಿದ್ದರು.

ಅಜ್ಜ ತಬ್ಬಿಬ್ಬಾದರು. ಇಷ್ಟು ವರ್ಷ ಎಲ್ಲರೂ 'ಸುಮ್ನಿರಿ' ಅಂದವರೇ. 'ಓ' ಅಂದವರು ಯಾರೂ ಇರಲಿಲ್ಲ.

"ಹುಕುಂ ಬಂದೈತಿ..." ಅಜ್ಜನ ದನಿ ಒಡೆಯಿತು. "ಅಲ್ಲಿರಬ್ಯಾಡ್ರಿ... ಎಲ್ಲಾರೂ ಕೆಳಗ ಇಳದ ಬರ್ರಿ..."

ಇಂದುಮತಿಗೆ ಆಗ ತಿಳಿಯಿತು... ಅಜ್ಜ ಇನ್ನೂ ಜವಾಬಿಗೆ ಕಾಯುತ್ತಿದ್ದಾರೆ ಎಂದರೆ, ಅಂದು ಆ ಹುಕುಂ ಮೇಲಿನ ಚೌಕಿಗೆ ಮುಟ್ಟಿರಲೇ ಇಲ್ಲ. ಅಲ್ಲಿದ್ದವರು ಯಾರೂ ಇಳಿದು ಬಂದಿರಲಿಲ್ಲ.

ಸಾವಂತ್ರವ್ವ ಅಜ್ಜನ ಎರಡೂ ಕೈ ಹಿಡಿದುಕೊಂಡರು.

"ಬಂದೀವ್ರಿ... ಎಲ್ಲಾರೂ ಇಳದ ಬಂದೀವಿ. ನೀವಿನ್ನ ಸಾಕ ಮಾಡ್ರಿ, ಭಾಳ ದಣದೀರಿ."

ಅಜ್ಜ ಅವರನ್ನೇ ನೋಡಿದರು. "ರೋಜರ್... ಔಟ್" ಎಂದು, ಜವಾಬು ಸಿಕ್ಕಿ ವೈರ್‌ಲೆಸ್ ಮಾತು ಮುಗಿಸುವವರಂತೆ ಪಿಸುಗುಟ್ಟಿ ಗಳಗಳನೆ ಅತ್ತುಬಿಟ್ಟರು.

ಅಧ್ಯಕ್ಷರು ಕೈ ಮುಗಿದರು. "ತಪ್ಪಾತ್ರಿ ಅಕ್ಕಾರ, ಅಜ್ಜ ದಿನಾ ಹಿಂಗ ಚೀರ್ತಾರ, ಮೌನ ಕೆಡ್ತು..."

"ಯಾಕ ತಪ್ಪು?" ಸಾವಂತ್ರವ್ವ ಕಣ್ಣೊರೆಸಿಕೊಂಡರು. "ನಮ್ಮ ಮನಿಯವರನ್ನೂ ಯಾರರೆ ಹಿಂಗ ಕರದಿರಬೇಕು. ನಾವು ವರ್ಷಕ್ಕೊಮ್ಮೆ ಎರಡ ನಿಮಿಷ ನೆನಸ್ತೀವಿ... ಇವರು ದಿನಾ ಕರೀತಾರ. ಇವರನ್ನ ಎಲ್ಲಿಗೂ ಕಳಸಬ್ಯಾಡ್ರಿ."

ಅಧ್ಯಕ್ಷರು ತಾವೇ ವೀಲ್‌ಚೇರ್ ತಳ್ಳಿಕೊಂಡು ಅಜ್ಜನನ್ನು ಮುಂದಿನ ಸಾಲಿಗೆ ತಂದರು.

ಮೌನಾಚರಣೆ ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಅಜ್ಜ ಕೂಗಲಿಲ್ಲ...

ಹೋದವರಿಗೆ ಹಾರ ಹಾಕುವುದು ಸುಲಭ... ಉಳಿದವರ ಕೂಗಿಗೆ ಓಗೊಡುವುದೇ ನಿಜವಾದ ಗೌರವ.

ಹೇಳಿದ್ದನ್ನೇ ಹೇಳುವ ಹಿರಿಯರೊಬ್ಬರು ನಿಮ್ಮ ಹತ್ತಿರವೂ ಇರಬಹುದು... ಅವರಿಗೆ ಇದುವರೆಗೆ ನೀವು 'ಸುಮ್ನಿರಿ' ಅಂದಿದ್ದೀರಾ, 'ಓ' ಅಂದಿದ್ದೀರಾ?