ಒಂದೇ ನೀರು

ಇನ್ನೇನು ತಿರುಗಬೇಕಿದ್ದ ಬಟ್ಟೆ ಒಗೆಯುವ ಯಂತ್ರದೊಳಗೆ ಓನ್ ಚಿ ಮೊಣಕೈಯವರೆಗೂ ಕೈ ಇಳಿಸಿ, ಮಗನ ಲುಂಗಿಯನ್ನು ಎಳೆದು ತೆಗೆದಳು. ಅದಕ್ಕೆ ಸುತ್ತಿಕೊಂಡು ಸೊಸೆ ಸೊಂಟಕ್ಕೆ ಉಡುವ ತಮೇನ್ ಕೂಡ ಹೊರಗೆ ಬಂತು. ಓನ್ ಚಿ ಅದನ್ನು ಎರಡು ಬೆರಳಲ್ಲಿ ಬಿಡಿಸಿ ಮತ್ತೆ ಒಳಗೆ ಹಾಕಿದಳು.

"ಹೆಂಗಸರು ಉಡೋದರ ಜೊತೆ ಗಂಡಸಿನ ಬಟ್ಟೆ ಈ ಮನೇಲಿ ಯಾವತ್ತೂ ನೆನೆದಿಲ್ಲ, ಸಾಂದಾ. ಗಂಡಸಿನ ತೇಜಸ್ಸು ಕುಂದುತ್ತೆ."

"ಅತ್ತೆ, ಕರೆಂಟು ಇರೋದೇ ಒಂದು ಗಂಟೆ. ಎರಡು ಸಲ ಹಾಕೋಕೆ ಆಗಲ್ಲ."

"ಅವನದ್ದು ನಾನು ಕೈಯಲ್ಲಿ ಒಗೀತೀನಿ ಬಿಡು."

"ಒಗೀತೀರ. ಹಿಂಡೋದು ಯಾರು? ನಿಮ್ಮ ಮಣಿಕಟ್ಟು ಹಿಂಡೋಕೆ ಬಿಡುತ್ತಾ?" ಸಾಂದಾ ತನ್ನ ಅಂಗೈಗಳನ್ನು ಮುಂದೆ ಹಿಡಿದಳು. ಸೋಪಿಗೆ ಬೆರಳುಗಳು ಸೀಳಿದ್ದವು. ಅವಳು ಹೊಲಿಯುವುದು ರೇಷ್ಮೆ ರವಿಕೆ. ಆ ಸೀಳುಗಳಿಗೆ ಸಿಕ್ಕಿ ಎಳೆ ಕಿತ್ತುಬರುತ್ತಿತ್ತು. "ಹೋದ ವಾರ ಎರಡು ರವಿಕೆ ವಾಪಸ್ ಬಂದವು. ಇನ್ನೆರಡು ಬಂದರೆ ಆ ಅಂಗಡಿಯವರು ನನಗೆ ಬಟ್ಟೆ ಕೊಡಲ್ಲ."

ಮಗ ಝೇಯ ಬಾಗಿಲಲ್ಲಿ ನಿಂತೇ ಮೀನಿನ ಸಾರಿನ ಶಾವಿಗೆ ತಿನ್ನುತ್ತಿದ್ದ. ಅವನದು ದೋಣಿ ನಡೆಸುವ ಕೆಲಸ. ಹುಣ್ಣಿಮೆಯಾದ್ದರಿಂದ ಆಚೆ ದಡದ ಪಗೋಡಾಕ್ಕೆ ಹೋಗುವ ಜನ ಬೆಳಗಿನಿಂದಲೇ ನದಿಯ ಕಟ್ಟೆಯಲ್ಲಿ ಸೇರಿದ್ದರು.

"ಅಮ್ಮ, ಒಂಬತ್ತು ತಿಂಗಳು ನಾನು ನಿನ್ನ ತಮೇನ್ ಒಳಗೇ ಇದ್ದವನು. ಆಗ ಕುಂದದ ತೇಜಸ್ಸು ಈಗ ಸೋಪಿನ ನೀರಲ್ಲಿ ಕರಗುತ್ತಾ?"

ಸಾಂದಾ ನಗು ನುಂಗಿಕೊಂಡಳು. ಓನ್ ಚಿ ನಗಲಿಲ್ಲ.

"ನಿಮ್ಮಪ್ಪನೂ ಹಿಂಗೇ ನಗ್ತಿದ್ದ," ಎಂದಳು. "ನಿನಗಾಗ ನಾಲ್ಕು ವರ್ಷ. ಹನ್ನೊಂದು ದಿನ ಬಿಸಿಲೇ ಕಾಣಲಿಲ್ಲ. ಗಂಡಸರ ತಲೆಗೆ ತಾಗದ ಹಾಗೆ ಹಿತ್ತಲಲ್ಲಿ ಮಂಡಿ ಎತ್ತರಕ್ಕೆ ಹಾಕಿದ್ದ ನನ್ನ ತಮೇನ್ ಮುಗ್ಗಲು ವಾಸನೆ ಬರ್ತಿತ್ತು. ಒಳಗೆ ತಂದು ಈ ಬಾಗಿಲ ಮೇಲೆ ಹಗ್ಗ ಕಟ್ಟಿ ಹಾಕಿದೆ. ಅದರ ಕೆಳಗೆ ಹೋಗಬೇಡ, ಹಿಂದಿನ ಬಾಗಿಲಲ್ಲಿ ಹೋಗು ಅಂದೆ. ಅವನು ತಲೆಗೆ ತಾಗಿಸ್ಕೊಂಡೇ ನಗ್ತಾ ದಾಟಿದ. ಹೋಗಿ ದೋಣಿ ಬಿಟ್ಟ. ನಡುನೀರಲ್ಲಿ ಮಗುಚಿತು." ಲುಂಗಿಯನ್ನು ಮುದುಡಿ ಹಿಡಿದು, "ಇಷ್ಟು ವರ್ಷ ಯಾರ ಹತ್ತಿರಾನೂ ಬಾಯಿ ಬಿಟ್ಟಿಲ್ಲ," ಎಂದಳು.

ಝೇಯ ಬಟ್ಟಲನ್ನು ಕೆಳಗಿಟ್ಟ. ಎರಡು ಬಕೆಟ್, ಎರಡು ಹಗ್ಗ, ಎರಡು ಸೋಪು. ಅಮ್ಮನ ಹಟವೆಂದು ಅವನು ಸ್ನೇಹಿತರ ಮುಂದೆಲ್ಲ ಹೇಳಿಕೊಂಡು ನಕ್ಕಿದ್ದ. ಮಗನನ್ನು ದಿನವೂ ಆ ನದಿಯ ನೀರಿನಿಂದ ಮನೆಗೆ ಕರೆಸಿಕೊಳ್ಳಲು ಅವಳಿಗೆ ತಿಳಿದಿದ್ದ ದಾರಿ ಅದೊಂದೇ ಆಗಿತ್ತು.

"ಆ ದೋಣೀಲಿ ನಮ್ಮ ಚಿಕ್ಕಮ್ಮನೂ ಇದ್ದಳಲ್ಲ ಅತ್ತೆ," ಎಂದಳು ಸಾಂದಾ ಮೆಲ್ಲಗೆ. "ಹತ್ತೊಂಬತ್ತು ವರ್ಷ ಅವಳಿಗೆ. ಮುಳುಗಿದ ಹದಿನಾಲ್ಕು ಜನರಲ್ಲಿ ಮೂವರು ಹೆಂಗಸರು. ಅವರು ಯಾವ ತೇಜಸ್ಸು ಕಳ್ಕೊಂಡರು?"

ಓನ್ ಚಿಗೆ ಆ ಹುಡುಗಿಯ ವಿಷಯ ಗೊತ್ತಿತ್ತು. ಮದುವೆಯ ಮಾತುಕತೆಯಲ್ಲೇ ಬಂದಿತ್ತು. ಆದರೆ ಆ ಸಾವನ್ನು ಗಂಡನ ಸಾವಿನ ಪಕ್ಕದಲ್ಲಿಟ್ಟು ಅವಳು ಯಾವತ್ತೂ ನೋಡಿರಲಿಲ್ಲ.

"ಮತ್ತೆ ಯಾಕೆ ಮಗುಚಿತು?" ಎಂದಳು. ಹೊಸದಾಗಿ ಸುದ್ದಿ ಕೇಳುವವಳ ದನಿಯಲ್ಲಿ.

ಸಾಂದಾ ಗಂಡನ ಮುಖ ನೋಡಿದಳು. "ಎಂಟು ಜನರ ದೋಣಿ. ನದಿ ಏರ್ತಿತ್ತು, ನಾಳೆ ದೋಣಿ ಇರಲ್ಲ ಅಂತ ಇಪ್ಪತ್ತು ಜನ ಹತ್ತಿದ್ರಂತೆ. ಇಳೀರಿ ಅನ್ನೋಕೆ ಮಾವನಿಗೆ ಬಾಯಿ ಬರಲಿಲ್ಲ ಅಂತಾಳೆ ನಮ್ಮಮ್ಮ."

ಆಡಿದ್ದು ತಪ್ಪಾಯಿತೇನೋ ಎಂದು ಅವಳು ತಲೆ ತಗ್ಗಿಸಿದಳು. ಓನ್ ಚಿಗೆ ಅದು ಸುಳ್ಳೆನಿಸಲಿಲ್ಲ. ಗಂಡ ಹಾಗೆಯೇ ಇದ್ದ. ಯಾರಿಗೂ ಇಲ್ಲ ಎನ್ನಲಾರದವನು. ಅದಕ್ಕೇ ಅವಳು ಅವನನ್ನು ಮೆಚ್ಚಿ ಮದುವೆಯಾದದ್ದು.

ಕರೆಂಟಿನ ಗಂಟೆಯಲ್ಲಿ ಕಾಲು ಭಾಗ ಕಳೆದಿತ್ತು, ಯಾರೂ ನೆನಪಿಸಲಿಲ್ಲ. ಓನ್ ಚಿ ಕೈಯಲ್ಲಿದ್ದ ಲುಂಗಿಯನ್ನು ಒಮ್ಮೆ ಕೊಡವಿ, ಸೊಸೆಯ ತಮೇನ್ ಮೇಲೆಯೇ ಇಳಿಬಿಟ್ಟಳು. ಕೈ ಒರೆಸಿಕೊಂಡು, "ಹಾಕು," ಎಂದಳು. ಯಂತ್ರ ಗಡಗಡನೆ ತಿರುಗತೊಡಗಿತು.

ಝೇಯನ ಮುಖ ಅರಳಿತು. "ನೋಡಿದ್ಯಾ ಸಾಂದಾ, ನಮ್ಮಮ್ಮ ಕೊನೆಗೂ ಈ ಕಾಲಕ್ಕೆ ಬಂದಳು," ಎನ್ನುತ್ತ ಹೊರಗೆ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಿದ. "ಬರ್ತೀನಿ, ಜನ ಕಾಯ್ತಿದ್ದಾರೆ."

"ಝೇಯ."

ಅವನು ತಿರುಗಿದ.

"ನಿನ್ನ ದೋಣಿ ಎಷ್ಟು ಜನರದ್ದು?"

"ಹತ್ತು."

"ಇವತ್ತು ಎಷ್ಟು ಜನರನ್ನ ಹತ್ತಿಸ್ತೀಯ?"

ಅವನು ದೋಣಿ ಹಿಡಿದಂದಿನಿಂದ ಅಮ್ಮ ಈ ಪ್ರಶ್ನೆ ಕೇಳಿರಲಿಲ್ಲ. ಚಪ್ಪಲಿ ಕಾಲಲ್ಲೇ ಇದ್ದರೂ ಝೇಯ ಮೆಟ್ಟಿಲ ಬುಡದಲ್ಲಿ ಬಗ್ಗಿ ಏನನ್ನೋ ಹುಡುಕಿದ. ಬಗ್ಗಿಕೊಂಡೇ, "ಹತ್ತು," ಎಂದ.

"ಕೇಳಿಸಲಿಲ್ಲ," ಎಂದಳು ಓನ್ ಚಿ. "ಇದರ ಸದ್ದು."

ಝೇಯ ನೆಟ್ಟಗೆ ನಿಂತು, ಅವಳ ಮುಖ ನೋಡಿ, ಇನ್ನೊಮ್ಮೆ ಹೇಳಿದ.