ರಾಶಿ ಆದ ಮೇಲೆ ದಾಳಿ

ಆ ಆಟ ಗೆಲ್ಲಿಸಿದ್ದು ನಾನು, ಮೊಮ್ಮಗಳಲ್ಲ. ಕಂಪ್ಯೂಟರಿನ ಬಿಸಿ ಧೂಳಿನ ವಾಸನೆ ಬಂದರೆ ಈಗಲೂ ಅಮೀರ್‌ಪೇಟೆಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅವಳಿಗಾಗ ಒಂಬತ್ತು ವರ್ಷ. ಆಟದಲ್ಲಿ ಅವಳದು ಕುದುರೆ ದಂಡು. ಹೊಲವಿಲ್ಲ, ಊರು ದೋಚಿಯೇ ತಿನ್ನಬೇಕು. ಬೆಳೆ ಕೈಗೆ ಬರುವ ಮೊದಲೇ ಕಂಡ ಊರನ್ನೆಲ್ಲ ಸುಟ್ಟು ದಂಡನ್ನು ಉಪವಾಸ ಕೆಡವಿದ್ದಳು. ಇನ್ನೊಂದು ದಾಳಿ ಕೆಟ್ಟರೆ ಆಟವೇ ಮುಗಿಯುತ್ತಿತ್ತು. ಅಳುಮುಖ ಮಾಡಿ ಕುಳಿತಿದ್ದಳು.

ಮುಂದಿನ ಊರಿನ ಹೊಲ ಇನ್ನೂ ಹಸಿರಾಗಿತ್ತು.

“ತಡಿ ಹುಚ್ಚಿ, ಅವರು ರಾಶಿ ಮಾಡ್ಲಿ, ಕಾಳು ಮನಿಗೆ ಬರ್ಲಿ, ಆಮ್ಯಾಲೆ ನುಗ್ಗು” ಎಂದೆ.

ಹೊಲ ಬೋಳಾಗುವವರೆಗೆ ಕಾದು ನುಗ್ಗಿದಳು. ದಂಡಿಗೆಲ್ಲ ಸಾಕಾಗುವಷ್ಟು ಕಾಳು ಸಿಕ್ಕಿತು. ಇಬ್ಬರೂ ಕುಣಿದೆವು.

“ಅಜ್ಜಿ, ನೀ ಮೊದ್ಲ ಕಳ್ಳಿ ಇದ್ದೇನ?”

“ಊರಾಗ ಕಣದಾಗ ಕುಂತು ರಾಶಿ ಕಾದಾಕಿ ನಾ. ಕಳ್ಳರು ಯಾವಾಗ ಬರ್ತಾರ ಅಂತ ಗೊತ್ತಿಲ್ಲೇನ ನನಗ?”

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೋದ ಕೂಡಲೇ, ಮುಸುರೆ ಪಾತ್ರೆ ಹಾಗೇ ಬಿಟ್ಟು, ನಾನೇ ಕುಳಿತು ಇನ್ನೆರಡು ಊರು ದೋಚಿದೆ.